ಬಹುಮಾನ ಕೊಡುವವನಿಗೆ ನಾವೇಕೆ ಮುಂಗಡ ಕಟ್ಟಬೇಕು?

ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರು ರೀಚಾರ್ಜ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಈಚೆಗೆ ಬೇಡದ ಕೆಲಸವೊಂದು ಅಂಟಿಕೊಂಡಿದೆ. ಜನ ತಮ್ಮ ದುಡ್ಡನ್ನು ಕಳ್ಳರಿಗೆ ಕಳುಹಿಸಿಕೊಡು ಎಂದು ಬಂದು ಕೇಳುತ್ತಾರೆ, ನಾನು ಆಗುವುದಿಲ್ಲ ಎನ್ನುತ್ತೇನೆ, ಆಮೇಲೆ ಅವರಿಂದಲೇ ಬೈಸಿಕೊಳ್ಳುತ್ತೇನೆ. ತಮ್ಮ ಫೋನಿನಲ್ಲಿ ಯುಪಿಐ ಇಲ್ಲದವರು ನಗದನ್ನು ನನ್ನ ಕೈಗಿಟ್ಟು, "ಈ ನಂಬರಿಗೊಂದು ಫೋನ್‌ಪೇ ಮಾಡಪ್ಪಾ" ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಮಾತ್ರ ಬಹುಮಾನದ ಸಂಗತಿ ಹೊರಗೆ ಬರುತ್ತದೆ.

ಮೊನ್ನೆ ಬಂದ ಹಿರಿಯರೊಬ್ಬರು ಅಂಚೆಯಲ್ಲಿ ಬಂದ ಲಕೋಟೆಯನ್ನೇ ತಂದಿದ್ದರು. ಮನೆಯ ಹೆಸರು, ಅಂಚೆ, ಪಿನ್‌ಕೋಡ್ ಎಲ್ಲವೂ ಸರಿಯಾಗಿತ್ತು, ಏಕೆಂದರೆ ಹಿಂದೆಂದೋ ಆನ್‌ಲೈನಿನಲ್ಲಿ ತರಿಸಿದ್ದ ಸೀರೆಯ ಪೊಟ್ಟಣದ ಮೇಲಿದ್ದ ವಿಳಾಸವೇ ಅಕ್ಷರ ತಪ್ಪಿನ ಸಮೇತ ಅಲ್ಲಿಗೆ ಬಂದಿತ್ತು. ಒಳಗೆ ಹೊಳೆಯುವ ಕಾಗದದ ಸ್ಕ್ರ್ಯಾಚ್ ಕಾರ್ಡು, ಅದನ್ನು ನಾಣ್ಯದಿಂದ ಕೆರೆದಲ್ಲಿ ಕಾರಿನ ಚಿತ್ರ, ಕೆಳಗೆ ಅಶೋಕ ಸ್ತಂಭ, ಎರಡು ದುಂಡು ಮೊಹರು. ಜತೆಗಿದ್ದ ಪತ್ರದ ಕನ್ನಡ ಯಂತ್ರದಿಂದ ಉದುರಿಸಿದಂತಿತ್ತು. ಕಾರು ಬೇಡವಾದರೆ ಅದರ ಬೆಲೆಯನ್ನು ನಗದಾಗಿ ಕೊಡುತ್ತಾರಂತೆ, ಆದರೆ ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ. ಇದು ಮೋಸ ಯಜಮಾನರೇ, ಬೇಡ ಎಂದೆ. "ನಿನಗೆ ಬರಲಿಲ್ಲ ಅಂತ ಹೊಟ್ಟೆಕಿಚ್ಚಾ?" ಎಂದು ಕೇಳಿ, ನೇರವಾಗಿ ಪಕ್ಕದ ಅಂಗಡಿಗೆ ಹೋದರು. ಆತ ಒಂದು ಮಾತೂ ಕೇಳದೆ, ತನ್ನ ಕಮಿಷನ್ ಹಿಡಿದುಕೊಂಡು ಹಣ ಕಳುಹಿಸಿಬಿಟ್ಟ.

ನೋಂದಣಿ ಶುಲ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ಅದು ಹೋದ ಮರುದಿನ ಜಿಎಸ್‌ಟಿ, ಬಳಿಕ ಆದಾಯ ತೆರಿಗೆ, ಬಳಿಕ ಆರ್‌ಟಿಒ, ಎನ್‌ಒಸಿ, ಹೀಗೆ ಒಂದೊಂದಾಗಿ ಬರುತ್ತವೆ. ಮೊದಲ ಮೊತ್ತ ಚಿಕ್ಕದಾಗಿರುವುದರಿಂದ ಕೊಡಲು ಮನಸ್ಸಾಗುತ್ತದೆ, ಅನಂತರದ ಪ್ರತಿ ಮೊತ್ತವನ್ನೂ ಹಿಂದೆ ಕೊಟ್ಟದ್ದು ಹಾಳಾದೀತೆಂಬ ಭಯದಿಂದ ಕೊಡುತ್ತಾರೆ. ಇದನ್ನು ದುರಾಸೆ ಎಂದು ಹಂಗಿಸುವವರ ಮೇಲೂ ನನಗೆ ಸಿಟ್ಟಿದೆ, ಏಕೆಂದರೆ ಮೂರನೆಯ ಕಂತಿನ ಹೊತ್ತಿಗೆ ಆ ಹಿರಿಯರಿಗೆ ಕಾರು ಬೇಕಿರಲಿಲ್ಲ, ಕೊಟ್ಟ ದುಡ್ಡು ವಾಪಸ್ ಬಂದರೆ ಸಾಕಾಗಿತ್ತು.

ತೆರಿಗೆಯ ಮಾತಂತೂ ಶುದ್ಧ ಸುಳ್ಳು. ಲಾಟರಿ ಅಥವಾ ಸ್ಪರ್ಧೆಯಲ್ಲಿ ಗೆದ್ದ ನಗದು 10,000 ರೂಪಾಯಿ ಮೀರಿದರೆ ಕೊಡುವವನೇ ಶೇಕಡ 30ರಷ್ಟು ತೆರಿಗೆಯನ್ನು ಮುರಿದುಕೊಂಡು ಉಳಿದದ್ದನ್ನು ಕೊಡಬೇಕೆಂಬುದು ಕಾನೂನು. ಕಾರಿನಂತಹ ವಸ್ತುವಾದರೆ ತೆರಿಗೆ ಸಂದಾಯವಾದ ಮೇಲಷ್ಟೇ ಅದನ್ನು ಬಿಟ್ಟುಕೊಡಬೇಕು ನಿಜ, ಆದರೆ ಆ ತೆರಿಗೆ ಸೇರಬೇಕಾದದ್ದು ಸರ್ಕಾರದ ಖಾತೆಗೆ, ಯಾವನೋ ಒಬ್ಬನ ಉಳಿತಾಯ ಖಾತೆಗಲ್ಲ. ಹಣ ಕಳುಹಿಸುವ ಮೊದಲು ಆ್ಯಪ್‌ನಲ್ಲಿ ಖಾತೆದಾರನ ಹೆಸರು ಮೂಡುತ್ತದೆ. ಆದಾಯ ತೆರಿಗೆ ಇಲಾಖೆಗೆ ಎಂದು ಕಟ್ಟುವಾಗ ಪರದೆಯ ಮೇಲೆ ಖಾಸಗಿ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ಕೈ ತಡೆಯಬೇಕಲ್ಲವೇ? ಇನ್ನು ಟಿವಿ ರಸಪ್ರಶ್ನೆಯ ಹೆಸರಿನಲ್ಲಿ 25 ಲಕ್ಷದ ಲಾಟರಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳಿವೆ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಷೇಧವಾಗಿದೆ, ಟಿಕೆಟ್ಟನ್ನೇ ಕೊಳ್ಳದವರಿಗೆ ಲಾಟರಿ ಹೊಡೆಯುವುದಾದರೂ ಹೇಗೆ? ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಿ ಎನ್ನುವವರು ಬೇರೆ ಇದ್ದಾರೆ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ನಮ್ಮ ಹಣವೇ ಹೋಗುತ್ತದೆ.

ಕೊನೆಗೆ ಹಿರಿಯರ ಮಗ ಬೆಂಗಳೂರಿನಿಂದ ಬಂದು ನನ್ನನ್ನು ಕರೆದುಕೊಂಡೇ ಬ್ಯಾಂಕಿಗೆ ಹೋದ. ಅಲ್ಲಿ ಸಿಕ್ಕ ಉತ್ತರ, ನೀವೇ ಕೈಯಾರೆ ಕಳುಹಿಸಿದ್ದಕ್ಕೆ ನಾವೇನು ಮಾಡಲಿ ಎಂದು. ಗ್ರಾಹಕನ ಅನುಮತಿಯಿಲ್ಲದೆ ಹೋದ ಹಣಕ್ಕೆ ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ರಕ್ಷಣೆಯುಂಟು, ವಂಚನೆಗೆ ಸಿಲುಕಿ ತಾನಾಗಿಯೇ ಕಳುಹಿಸಿದವನಿಗೆ ಆ ಆಸರೆಯಿಲ್ಲ. ಹಾಗಿದ್ದರೆ ಆ ಕಳ್ಳನಿಗೆ ಖಾತೆ ತೆರೆದುಕೊಟ್ಟವರು ಯಾರು? ನನ್ನ ತಾಯಿಯ ಪಿಂಚಣಿ ಖಾತೆಗೆ ಆಧಾರಿನ ಒಂದು ಅಕ್ಷರ ವ್ಯತ್ಯಾಸವಾದರೆ ಹತ್ತು ಸಲ ಅಲೆಸುವವರಿಗೆ, ಯಾರೋ ಕಳ್ಳರಿಗೆ ಬಾಡಿಗೆಗೆ ಕೊಟ್ಟ ಖಾತೆಗೆ ಊರೂರಿನ ಸಣ್ಣ ಮೊತ್ತಗಳು ಬಂದು ಆ ದಿನವೇ ಖಾಲಿಯಾಗುವುದು ಕಣ್ಣಿಗೆ ಬೀಳುವುದಿಲ್ಲವೇ?

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ತಕ್ಷಣ ತಿಳಿಸಿದ್ದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತಿತ್ತು, ನಮಗೆ ಆಗಲೇ ತಡವಾಗಿತ್ತು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ತೆಗೆದುಕೊಳ್ಳುವವರು ಸಭ್ಯವಾಗಿಯೇ ಮಾತನಾಡಿ, ಯಾವ ಖಾತೆಯಿಂದ ಹಣ ಹೋಯಿತೋ ಅದರ ವಿವರ ಮತ್ತು ಯುಟಿಆರ್, ಅಂದರೆ ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ ತನ್ನಿ ಎಂದರು. ಹಣ ಹೋದದ್ದು ಹಿರಿಯರ ಖಾತೆಯಿಂದಲ್ಲ, ಪಕ್ಕದ ಅಂಗಡಿಯವನ ಖಾತೆಯಿಂದ. ಪೊಲೀಸು, ತನಿಖೆ ಎಂದರೆ ತನ್ನ ಖಾತೆಯೂ ಫ್ರೀಜ್ ಆದೀತೆಂದು ಆತ ಈಗ ನಮ್ಮನ್ನು ಕಂಡರೆ ಶಟರ್ ಎಳೆಯುತ್ತಾನೆ. ಕಮಿಷನ್ ಎಣಿಸಿಕೊಳ್ಳುವಾಗ ಇಲ್ಲದ ಹೆದರಿಕೆ ಈಗ ಎಲ್ಲಿಂದ ಬಂತೋ! ಹನ್ನೆರಡು ಅಂಕಿಯ ಆ ಯುಟಿಆರ್ ಸಂಖ್ಯೆ ಅವನ ಫೋನಿನಲ್ಲೇ ಇದೆ, ಇವತ್ತಿಗೂ ಕೊಟ್ಟಿಲ್ಲ.