ವೆರೋನಾದ ಕಲ್ಲುಮೆಟ್ಟಿಲು, ನಮ್ಮೂರ ಗದ್ದೆಯ ಆಟ

ಮ್ಯೂನಿಕ್‌ನಲ್ಲಿರುವ ನಮಗೆ ಇಟಲಿಯ ವೆರೋನಾ ರೈಲಿನಲ್ಲಿ ಐದಾರು ತಾಸು. ಹೋದ ಬೇಸಿಗೆಯಲ್ಲಿ ಅಲ್ಲಿನ ಅರೇನಾದಲ್ಲಿ ‘ಐದಾ’ ಎಂಬ ಒಪೆರಾ, ಅಂದರೆ ಹಾಡಿನ ನಾಟಕ, ನೋಡಿ ಬಂದೆವು. ಅರೇನಾ ಸುಮಾರು ಎರಡು ಸಾವಿರ ವರ್ಷ ಹಳೆಯ ರೋಮನ್ ಬಯಲುರಂಗ. ಇದಕ್ಕೆ ಸಂಗೀತ ಕಟ್ಟಿದ ವೆರ್ದಿ ಹುಟ್ಟಿ ನೂರು ವರ್ಷವಾಯಿತೆಂದು 1913ರಲ್ಲಿ ಇದೇ ‘ಐದಾ’ ಆಡಿಸಿದರು, ಅಲ್ಲಿನ ಒಪೆರಾ ಹಬ್ಬ ಶುರುವಾದದ್ದೇ ಅದರಿಂದ. ನಮ್ಮದು ಕಡಿಮೆ ದರದ ಟಿಕೆಟು, ಮೇಲಿನ ಕಲ್ಲುಮೆಟ್ಟಿಲು. ರಾತ್ರಿ ಒಂಬತ್ತಾದರೂ ಕಲ್ಲು ಕಾವಲಿಯ ಹಾಗೆ ಬಿಸಿ. ದಿಂಬು ಬಾಡಿಗೆಗೆ ಸಿಗುತ್ತದೆ. ಕುಂದಾಪುರದ ಗದ್ದೆಯಲ್ಲಿ ಚಾಪೆ ಹಾಸಿ ಆಟ, ಅಂದರೆ ಯಕ್ಷಗಾನ, ನೋಡಿ ಬೆಳೆದವನು ನಾನು, ಜಂಬದಿಂದ ಬೇಡ ಎಂದೆ. ಎರಡನೇ ಅಂಕದ ಹೊತ್ತಿಗೆ ಹೆಂಡತಿಯ ದಿಂಬಿನ ಮೇಲೆ ಕಣ್ಣು ಬಿತ್ತು.

ಕತ್ತಲಾಗುತ್ತಿದ್ದಂತೆ ಮೆಟ್ಟಿಲುಗಳ ಮೇಲೆ ಮೇಣದಬತ್ತಿಗಳು ಹೊತ್ತಿಕೊಂಡವು. ಆಮೇಲೆ ಪಿಟೀಲು, ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಹಾಡುವವರಿಗೆ ಮೈಕಿಲ್ಲ. ಹಿಂದೆ ಕೂತ ಹುಡುಗ ಚಿಪ್ಸ್ ಪೊಟ್ಟಣ ಬಿಡಿಸಿದ್ದಕ್ಕೆ ನಾಲ್ಕು ಕಡೆಯಿಂದ ‘ಶ್’ ಅಂದರು.

ಇದನ್ನು ಶಿಸ್ತು ಅಂತ ಹೊಗಳಿ ಊರಿನವರನ್ನು ಬೈಯುವುದು ನಮ್ಮಂಥ ಹೊರನಾಡಿಗರ ಹಳೇ ಚಟ. ನನಗೆ ಹಾಗನ್ನಿಸಲಿಲ್ಲ. ಮಾತಾಡಿದರೆ ಹಾಡು ಕೇಳಿಸದು, ಅದಕ್ಕೇ ಸುಮ್ಮನಿದ್ದಾರೆ, ಅಷ್ಟೆ. ನಮ್ಮ ಬಯಲಾಟದಲ್ಲಿ ಪದ ಹಾಡುವ ಭಾಗವತರ ಮುಂದೆ ಮೈಕು, ಗದ್ದೆಯ ಆಚೆ ತುದಿಗೂ ಸ್ಪೀಕರು. ಚರುಮುರಿ ಗಾಡಿಯ ಹತ್ತಿರ ನಿಂತು ಜಾಗದ ತಕರಾರು ಮಾತಾಡಿದರೂ ಒಂದು ಪದ ತಪ್ಪುವುದಿಲ್ಲ. ಮತ್ತೆ ಯಾರು ಬಾಯಿ ಮುಚ್ಚುತ್ತಾರೆ? ಒಂದು ಹರಕೆ ಆಟದಲ್ಲಾದರೂ ಮೈಕು ತೆಗೆದು ನೋಡಬೇಕು. ವೇಷಧಾರಿಗಳ ಗಂಟಲಿಗೆ ಕಷ್ಟ, ಒಪ್ಪಿದೆ. ಜನ ಹತ್ತಿರ ಬಂದು ಕೂರಬೇಕಾಗುತ್ತದೆ, ಅದು ಒಳ್ಳೆಯದೇ.

ಹಾಗಂತ ಅರೇನಾದ ಮೌನ ಪೂರಾ ಹಿತವಾಗಿತ್ತು ಎನ್ನಲಾರೆ. ಮೂರನೇ ಅಂಕದಲ್ಲಿ ಸೇನಾಪತಿ ರದಾಮೆಸ್ ದಂಡು ಹೋಗುವ ದಾರಿಯ ಗುಟ್ಟನ್ನು ತಾನು ಪ್ರೀತಿಸುವ ಐದಾಳ ಮುಂದೆ ಬಾಯಿಬಿಡುತ್ತಾನೆ. ಅವಳಪ್ಪ, ಶತ್ರುರಾಜ, ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಇದೇ ಊರಲ್ಲಾಗಿದ್ದರೆ ಪಕ್ಕದ ಅಜ್ಜ ‘ಈಗ ಬತ್ತ ಕಾಣ್’ ಅಂತ ಮೊದಲೇ ತಿವಿಯುತ್ತಿದ್ದರು. ಇಲ್ಲಿ ಹೆಂಡತಿಗೆ ಕಣ್ಸನ್ನೆಯಲ್ಲೇ ಹೇಳಬೇಕಾಯಿತು, ಅವಳಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ನಾಲ್ಕು ಹನಿ ಮಳೆ. ನಮ್ಮ ಯಕ್ಷಗಾನ ಮೇಳಗಳು ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ದಿನಕ್ಕೇ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಇವರದು ಜೂನ್ ಬಂದ ಮೇಲೇ ಶುರು. ವಾದ್ಯದವರು ಪಿಟೀಲನ್ನು ಮಗುವಿನ ಹಾಗೆ ಅವುಚಿಕೊಂಡು ಒಳಗೆ ಓಡಿದರು. ಮೆಟ್ಟಿಲ ಮೇಲಿದ್ದವರಿಗೆಲ್ಲ ಬಾಯಿ ಬಂತು. ಪಕ್ಕದ ಇಟಾಲಿಯನ್ ಅಜ್ಜಿ ಪ್ಲಾಸ್ಟಿಕ್ ಕೊಪ್ಪೆಯೊಳಗಿಂದ ಕೈ ಹೊರಹಾಕಿ, ರದಾಮೆಸ್‌ನನ್ನು ಜೀವಂತ ಹೂಳುವವರೆಗಿನ ಕಥೆಯನ್ನೆಲ್ಲ ಕೈಯಲ್ಲೇ ನನ್ನ ಹೆಂಡತಿಗೆ ಹೇಳಿ ಮುಗಿಸಿದರು. ಅರ್ಧ ಗಂಟೆಗೆ ವಾದ್ಯದವರು ವಾಪಸು ಬಂದರು. ಅಜ್ಜಿ ತುಟಿ ಮೇಲೆ ಬೆರಳಿಟ್ಟು ನಮ್ಮನ್ನೇ ಗದರಿಸಿದರು.