ಅಡ್ವಾನ್ಸ್ ನಮ್ಮ ದುಡ್ಡು, ಬಿಟ್ಟು ಬರಬೇಡಿ

ನಿನ್ನೆ ಊಟದ ಹೊತ್ತಲ್ಲಿ ನಮ್ಮ ಆಫೀಸಿನ ಹುಡುಗಿಯೊಬ್ಬಳು ಮನೆ ಖಾಲಿ ಮಾಡಿದ ಕಥೆ ಹೇಳುತ್ತಿದ್ದಳು. ಅಡ್ವಾನ್ಸ್‌ನಲ್ಲಿ 35,000 ರೂಪಾಯಿ ಓನರ್ ಹಿಡಿದುಕೊಂಡಿದ್ದಾರಂತೆ. ಪೇಂಟಿಂಗ್ ಅಂತ ಒಂದಿಷ್ಟು, ಕ್ಲೀನಿಂಗ್ ಅಂತ ಒಂದಿಷ್ಟು, ಉಳಿದದ್ದಕ್ಕೆ ಲೆಕ್ಕವೇ ಇಲ್ಲ. "ಹೋಗ್ಲಿ ಬಿಡಿ ಅಕ್ಕ, ವಯಸ್ಸಾದವರ ಹತ್ರ ಯಾರು ಜಗಳ ಆಡ್ತಾರೆ" ಅಂದಳು. ಅದು ಅವಳ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 2023ರಲ್ಲಿ ನಾನೂ ಇದೇ ಮಾತು ಆಡಿದ್ದೆ. "ಹೋಗ್ಲಿ ಬಿಡಿ" ಅಂತ.

ನಾವು ಆ ಮನೆಗೆ ಹೋಗಿದ್ದು 2019ರ ಅಕ್ಟೋಬರ್‌ನಲ್ಲಿ. ವಿಜಯನಗರದ ಕಡೆ, ಎರಡನೇ ಮಹಡಿ, ಒಂದು ರೂಮು, ಹಾಲು, ಅಡುಗೆಮನೆ. ಬಾಡಿಗೆ 14,000, ಅಡ್ವಾನ್ಸ್ 1,40,000. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅಂದರೆ ಯಾರೂ ಹುಬ್ಬೇರಿಸಲ್ಲ, ಅಲ್ವಾ? ನಮಗೆ ಮಾತ್ರ ಅದನ್ನು ಹೊಂದಿಸೋಕೆ ನನ್ನ ಎರಡು ಬಳೆ ಅಡ ಇಡಬೇಕಾಯಿತು. ಹನ್ನೊಂದು ತಿಂಗಳ ಅಗ್ರಿಮೆಂಟ್, ಪ್ರತಿ ಸಲ ಶೇಕಡಾ 5 ಜಾಸ್ತಿ. ನಾಲ್ಕು ಅಗ್ರಿಮೆಂಟ್ ಮುಗಿಸಿ, 2023ರ ಮೇ ಕೊನೆಗೆ ಮಗಳ ಸ್ಕೂಲಿಗೆ ಹತ್ತಿರ ಆಗಲಿ ಅಂತ ಖಾಲಿ ಮಾಡಿದೆವು. ಲಾಕ್‌ಡೌನ್‌ನಲ್ಲಿ ನನ್ನವರಿಗೆ ಅರ್ಧ ಸಂಬಳ ಬಂದಾಗಲೂ ಬಾಡಿಗೆ ಒಂದು ದಿನ ತಡ ಮಾಡಿರಲಿಲ್ಲ.

ಖಾಲಿ ಮಾಡಿದ ದಿನ ಓನರ್ ಅಂಕಲ್ 60,000 ಕೊಟ್ಟರು. "ಉಳಿದ 80,000 ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ತಕ್ಷಣ ಹಾಕ್ತೀನಮ್ಮ" ಅಂದರು. ನಾನು ತಲೆಯಾಡಿಸಿ ಕೀ ಕೊಟ್ಟುಬಿಟ್ಟೆ. ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಸುತ್ತೆ ನೋಡಿ. ನಾವು ಕೊಟ್ಟ ದುಡ್ಡು ಯಾವತ್ತೋ ಖರ್ಚಾಗಿ ಹೋಗಿರುತ್ತೆ. ಮಹಡಿ ಕಟ್ಟೋಕೋ, ಮಗಳ ಮದುವೆಗೋ. ಮುಂದೆ ಬರುವವರ ದುಡ್ಡಿನಿಂದ ಹಿಂದಿನವರ ಸಾಲ ತೀರಬೇಕು. ಮನೆ ನೋಡೋಕೆ ಯಾರೂ ಬರದಿದ್ದರೆ ಅದು ನಮ್ಮ ತಪ್ಪಾ?

ಎರಡೇ ವಾರಕ್ಕೆ ಹೊಸಬರು ಬಂದರು. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಚೀಟಿಯ ಫೋಟೋ ಬಂತು. ಪೇಂಟಿಂಗ್ 27,000. ಬಾತ್‌ರೂಮ್ ಬಾಗಿಲು 12,000. ಅಡುಗೆಮನೆ ನಲ್ಲಿ, ಸಿಂಕು 9,000. ಮೊಳೆ ಹೊಡೆದ ತೂತು ಮುಚ್ಚೋಕೆ 6,000. ಕ್ಲೀನಿಂಗ್ 4,000. ಒಟ್ಟು 58,000. ಕೊಡಬೇಕಾದದ್ದು 22,000 ಮಾತ್ರ ಅಂತ ಕೆಳಗೆ ಗೆರೆ ಎಳೆದಿದ್ದರು. ಒಂದಕ್ಕೂ ಬಿಲ್ ಇಲ್ಲ. ಅಗ್ರಿಮೆಂಟ್‌ನಲ್ಲಿ ಇದ್ದದ್ದು ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಬಹುದು ಅಂತ ಅಷ್ಟೇ. ಅಂದರೆ 16,200.

ನನ್ನವರು ಎರಡು ಸಲ ಹೋಗಿ ಕೇಳಿ ಬಂದರು. ಒಂದು ಸಲ ಕಾಫಿ ಕೊಟ್ಟು ಕಳಿಸಿದರು, ಇನ್ನೊಂದು ಸಲ ಬಾಗಿಲೇ ತೆಗೆಯಲಿಲ್ಲ. ಸ್ಟೇಷನ್‌ಗೂ ಹೋದೆವು. ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ ಅಂದರು. ಅವರು ಹೇಳಿದ್ದು ಸರಿಯೇ. ಆ ದಿನ ಮಾತ್ರ ಎದೆ ಒಡೆದುಹೋಗಿತ್ತು. "ಹೋಗ್ಲಿ ಬಿಡಿ, ಆ ದುಡ್ಡಿನ ಋಣ ನಮಗಿಲ್ಲ" ಅಂತ ನಾನು ಅಂದದ್ದು ಆವತ್ತೇ.

ಬಿಡದೇ ಇದ್ದದ್ದು ನಮ್ಮ ಅತ್ತೆ. ಅರಸೀಕೆರೆಯಿಂದ ಬಂದಿದ್ದರು. "ನಿನ್ನ ಬಳೆ ಅಡ ಇಟ್ಟಿದ್ದು ಅವರ ಮನೆಗೆ ಬಣ್ಣ ಹೊಡೆಸೋಕಲ್ಲ" ಅಂದರು. ಆ ರಾತ್ರಿಯೇ ಹಳೆಯ ಮೆಸೇಜ್‌ಗಳನ್ನೆಲ್ಲ ತೆಗೆದು ಕೂತೆ. 2019ರ ಅಕ್ಟೋಬರ್, ಮನೆಗೆ ಬಂದ ಮೂರನೇ ದಿನ. "ಅಂಕಲ್, ಬಾತ್‌ರೂಮ್ ಬಾಗಿಲು ಕೆಳಗೆಲ್ಲ ಕೊಳೆತಿದೆ, ಮಾಡಿಸಿಕೊಡಿ" ಅಂತ ನಾನೇ ಫೋಟೋ ಸಮೇತ ಕಳಿಸಿದ್ದೆ. "ನೋಡೋಣಮ್ಮ" ಅಂತ ಉತ್ತರವೂ ಇತ್ತು. ನನಗೆ ಅಳು ಬಂತು. ಆ ಒಂದು ಫೋಟೋದಿಂದ ನನಗೆ ಬಂದ ಧೈರ್ಯ ಅಷ್ಟಿಷ್ಟಲ್ಲ.

ಪರಿಚಯದ ವಕೀಲರೊಬ್ಬರು ವಿಷಯ ಬಿಡಿಸಿ ಹೇಳಿದರು. ಕರ್ನಾಟಕ ಬಾಡಿಗೆ ಕಾಯ್ದೆ ಅಂತ 1999ರದ್ದು ಒಂದಿದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅದು ಬರಲ್ಲ. ಅಷ್ಟು ಕಡಿಮೆಗೆ ಈಗ ಎಲ್ಲಿ ಮನೆ ಸಿಗುತ್ತೆ? ಹಾಗಾಗಿ ನಮ್ಮಂಥವರಿಗೆ ಇರುವುದು ಅಗ್ರಿಮೆಂಟ್ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆದರೆ ಸಹಜವಾಗಿ ಸವೆದದ್ದು ಆ ಲೆಕ್ಕಕ್ಕೆ ಬರಲ್ಲ. ಬಣ್ಣ ಮಾಸುವುದು, ಕ್ಯಾಲೆಂಡರ್ ಮೊಳೆಯ ಗುರುತು, ಇವೆಲ್ಲ ಜನ ಬಾಳಿದ ಮನೆಯಲ್ಲಿ ಇರುವಂಥದ್ದೇ. ನಾವೇ ಒಡೆದಿದ್ದರೆ ಆ ಮಾತು ಬೇರೆ. ದುಡ್ಡು ವಸೂಲಿಗೆ ದಾವೆ ಹಾಕೋಕೆ ಮೂರು ವರ್ಷ ಸಮಯ ಇದೆ, ಗಾಬರಿ ಬೇಡ ಅಂದರು.

ಮೊದಲು ನಾನೇ ಒಂದು ಪತ್ರ ಬರೆದೆ. ಸಿಟ್ಟಿನ ಒಂದು ಮಾತೂ ಇಲ್ಲದೆ, ಬರೀ ತಾರೀಖು ಮತ್ತು ಲೆಕ್ಕ. ಉತ್ತರ ಬರಲಿಲ್ಲ. ಆಮೇಲೆ ವಕೀಲರ ನೋಟಿಸು. ಅವರು ತೊಗೊಂಡದ್ದು 2,500. ಅಡುಗೆಮನೆ ನಲ್ಲಿ ನಿಜವಾಗಿಯೂ ಮಗಳ ಕೈಯಲ್ಲಿ ಮುರಿದಿತ್ತು. ಅದಕ್ಕೆ 1,800 ನಾವೇ ಒಪ್ಪಿಕೊಂಡು ಬರೆಸಿದೆವು. ಪೇಂಟಿಂಗ್ 16,200, ನಲ್ಲಿ 1,800 ಕಳೆದು 62,000 ಬರಬೇಕು. ಹದಿನೈದು ದಿನದಲ್ಲಿ ಕೊಡದಿದ್ದರೆ ಬಡ್ಡಿ ಸಮೇತ ದಾವೆ. ಅಗ್ರಿಮೆಂಟ್, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಗಿಲ ಫೋಟೋ, ಎಲ್ಲದರ ಪ್ರತಿ ಜೊತೆಗಿತ್ತು. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹೋಯಿತು. ಓನರ್ ಸಹಿ ಹಾಕಿದ ಕಾರ್ಡ್ ವಾಪಸ್ ಬಂತು.

ಹನ್ನೆರಡನೇ ದಿನ ಅವರ ಮಗ ಫೋನ್ ಮಾಡಿದರು. "ಅಪ್ಪಂಗೆ ವಯಸ್ಸಾಗಿದೆ, ಕೋರ್ಟು ಕಚೇರಿ ಎಲ್ಲ ಯಾಕೆ" ಅಂದರು. ನನಗೂ ಬೇಡ ಅಂದೆ. 40,000 ಅವತ್ತೇ ಬಂತು, 22,000 ಮುಂದಿನ ತಿಂಗಳು.

ವಕೀಲರಿಗೆ ಕೊಡೋಕೂ ದುಡ್ಡಿಲ್ಲ ಅನ್ನುವವರಿಗೆ ಒಂದು ಮಾತು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಂತ ಪ್ರತಿ ಜಿಲ್ಲೆಯಲ್ಲೂ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತೆ. ದಾವೆ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಬಹುದು. ಅಲ್ಲಿ ರಾಜಿಯಾದರೆ ಅದು ಕೋರ್ಟ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಸಹಾಯವಾಣಿ 15100. ಇದು ನನಗೆ ಮೊದಲೇ ಗೊತ್ತಿದ್ದರೆ ಮೂರು ತಿಂಗಳು ಸುಮ್ನೆ ಕೊರಗುತ್ತಿರಲಿಲ್ಲ.

ಎಲ್ಲ ಓನರ್‌ಗಳೂ ಹೀಗೆ ಅಂತ ನಾನು ಹೇಳಲ್ಲ. ಬಾಡಿಗೆಯಲ್ಲೇ ಜೀವನ ನಡೆಸುವ ಹಿರಿಯರಿದ್ದಾರೆ. ಆರು ತಿಂಗಳ ಬಾಡಿಗೆ ಕೊಡದೆ ರಾತ್ರೋರಾತ್ರಿ ಹೋದವರನ್ನು ಅವರೂ ಕಂಡಿದ್ದಾರೆ. ಆದರೆ ಆ ಭಯಕ್ಕೆ ಹತ್ತು ತಿಂಗಳ ದುಡ್ಡು ಬೇಕಾ? ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಮಿತಿ ಇದೆ. ಮನೆ ಬಿಟ್ಟುಕೊಡುವಾಗಲೇ ಲೆಕ್ಕ ಮಾಡಿ ಬಾಕಿ ಕೊಡಬೇಕು ಅಂತಲೂ ಇದೆ. ಆದರೆ ಅದು ಮಾದರಿ ಅಷ್ಟೇ, ಆಯಾ ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ನಮ್ಮ ರಾಜ್ಯಕ್ಕೂ ಅದು ಬರಬೇಕು ಅಂತ ನಾವು ಬಾಡಿಗೆಯವರು ಗಟ್ಟಿಯಾಗಿ ಕೇಳಬೇಕು. ಅಲ್ಲಿಯವರೆಗೆ, ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಹುದು ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿಕೊಳ್ಳಿ. ನಮ್ಮ ಈಗಿನ ಓನರ್ ಆಂಟಿ ಬೇಸರ ಇಲ್ಲದೆ ಒಪ್ಪಿಕೊಂಡರು. ಮನೆಯ ಗೋಡೆ, ಬಾಗಿಲು, ನಲ್ಲಿ ಎಲ್ಲ ಹೇಗಿದೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಹತ್ತು ನಿಮಿಷದ ಕೆಲಸ.

ಆ ವರ್ಷ ದೀಪಾವಳಿ ಹೊತ್ತಿಗೆ ಒಂದು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಮನೆಗೆ ಬಂದ ಹೊಸಬರು. ನಮಗೆ ಬಂದ ಒಂದು ಲಕೋಟೆ ಅವರ ಹತ್ತಿರ ಇತ್ತು, ಮೇಲೆ ನನ್ನ ನಂಬರ್ ಇತ್ತಂತೆ. ಮಾತಾಡ್ತಾ ಆ ಹೆಣ್ಣುಮಗಳು ಕೇಳಿದರು: "ಅಕ್ಕಾ, ಈ ಬಾತ್‌ರೂಮ್ ಬಾಗಿಲು ನೀವಿದ್ದಾಗಲೂ ಹೀಗೇ ಕೊಳೆತಿತ್ತಾ?" ನಮ್ಮಿಂದ 12,000 ಕೇಳಿದ್ದ ಬಾಗಿಲು. ನಾನು 2019ರ ಆ ಫೋಟೋ ಅವರಿಗೆ ಕಳಿಸಿದೆ. ನೀವೂ ಒಂದು ತೆಗೆದು ಇವತ್ತೇ ಓನರ್‌ಗೆ ಕಳಿಸಿ ಇಡಿ ಅಂದೆ. ಅರ್ಧ ಗಂಟೆಯಲ್ಲಿ "ಕಳಿಸಿದೆ ಅಕ್ಕಾ" ಅಂತ ಮೆಸೇಜ್ ಬಂತು. ಇವತ್ತು ಆಫೀಸಿನ ಹುಡುಗಿಗೆ ಊಟದ ಡಬ್ಬಿ ಜೊತೆ ಅಗ್ರಿಮೆಂಟ್ ಕೂಡ ತರೋಕೆ ಹೇಳಿದ್ದೇನೆ.