ಮನೋವೈದ್ಯರೂ ನರರೋಗ ತಜ್ಞರೂ ಕೊನೆಯವರೆಗೂ ಪರೀಕ್ಷೆ ಬರೆಯಬೇಕೇ?

ಅಮೆರಿಕದಲ್ಲಿ ಡಾಕ್ಟರಾಗಿ ಕೆಲಸ ಮಾಡಲು ರಾಜ್ಯ ಕೊಡುವ ಲೈಸೆನ್ಸ್ ಸಾಕು. ಆದರೆ ಸ್ಪೆಷಲಿಸ್ಟ್ ಅನ್ನಿಸಿಕೊಳ್ಳಲು ಬೋರ್ಡ್ ಸರ್ಟಿಫಿಕೇಟ್ ಕೇಳುತ್ತಾರೆ. ಮನೋವೈದ್ಯರಿಗೂ ನರರೋಗ ತಜ್ಞರಿಗೂ ಅದನ್ನು ಕೊಡುವುದು ಒಂದೇ ಸಂಸ್ಥೆ, 1934ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ಸೈಕಿಯಾಟ್ರಿ ಅಂಡ್ ನ್ಯೂರಾಲಜಿ. ಮೊದಲೆಲ್ಲ ಒಂದು ಸಲ ಪಾಸಾದರೆ ಜೀವನಪೂರ್ತಿ ನಡೆಯುತ್ತಿತ್ತು. 1994ರ ಅಕ್ಟೋಬರ್‌ನಿಂದ ಸರ್ಟಿಫಿಕೇಟಿಗೆ ಹತ್ತು ವರ್ಷದ ಗಡುವು ಬಂತು. ಈಗಂತೂ ಮೌಲ್ಯಮಾಪನ ನಿಲ್ಲದೆ ನಡೆಯುತ್ತಲೇ ಇರುತ್ತದೆ. ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಓದಿ, ಅಲ್ಲಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಸ್ಪೆಷಲಿಸ್ಟ್ ತರಬೇತಿ) ಮುಗಿಸಿದ ಕನ್ನಡಿಗರೂ ಇದರೊಳಗೆ ಬರುತ್ತಾರೆ. ಈ ವ್ಯವಸ್ಥೆ ಬೇಕೇ, ಬೇಡವೇ?

ಪರ: ಡಾಕ್ಟರ ಓದು ನಿಂತರೆ ಪೆಟ್ಟು ರೋಗಿಗೆ

ಇಪ್ಪತ್ತರ ಆಸುಪಾಸಿನ ಹುಡುಗಿ. ಒಂದು ವಾರದಿಂದ ನಿದ್ದೆ ಇಲ್ಲ. ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುತ್ತಾಳೆ, ಒಬ್ಬಳೇ ಮಾತಾಡಿಕೊಳ್ಳುತ್ತಾಳೆ. ಮನೆಯವರು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಮನೋರೋಗ, ಅಂತ ಮಾತ್ರೆ ಶುರುವಾಗುತ್ತದೆ. ಕೆಲವೇ ದಿನದಲ್ಲಿ ಬಾಯಿ ತಾನಾಗಿಯೇ ಅದುರತೊಡಗುತ್ತದೆ. ಆಮೇಲೆ ಫಿಟ್ಸ್. ಆಮೇಲೆ ಮಾತೇ ನಿಂತುಹೋಗುತ್ತದೆ.

ಇದು ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನಲ್ಲಿ ಸಂದೇಶ ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್‌ಗಳ ಮೇಲೆ ಎರಗುವ ಕಾಯಿಲೆ. ಕೆಲವರಲ್ಲಿ ಅಂಡಾಶಯದ ಗಡ್ಡೆಯೇ ಇದರ ಮೂಲ. ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ಬೇಗ ಸ್ಟೀರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ ಕೊಟ್ಟು, ಗಡ್ಡೆ ಇದ್ದರೆ ತೆಗೆದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ನರರೋಗ ತಜ್ಞ ಜೋಸೆಪ್ ದಾಲ್ಮೌ ಅವರ ತಂಡ ಈ ಕಾಯಿಲೆಯನ್ನು ಗುರುತಿಸಿ ವಿವರಿಸಿದ್ದು 2007ರಲ್ಲಿ. ಅಂದರೆ 1990ರಲ್ಲಿ ಓದು ಮುಗಿಸಿದ ಮನೋವೈದ್ಯರ ಯಾವ ಪುಸ್ತಕದಲ್ಲೂ ಇದರ ಹೆಸರೇ ಇರಲಿಲ್ಲ. ಆಮೇಲೆ ಅವರು ತಾವಾಗಿ ಓದಿಕೊಂಡಿದ್ದರೆ ಈ ಹುಡುಗಿ ಉಳಿದಳು.

2007ರ ಕೊನೆಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಫಿಟ್ಸ್‌ಗೂ ಬೈಪೋಲಾರ್‌ಗೂ ಬರೆಯುವ ಕಾರ್ಬಮಜೆಪಿನ್ ಮಾತ್ರೆಯಿಂದ ಕೆಲವರಿಗೆ ಮೈಯ ಚರ್ಮವೇ ಬೊಬ್ಬೆಯೆದ್ದು ಸುಲಿದು ಬರುತ್ತದೆ. ಎಚ್‌ಎಲ್‌ಎ-ಬಿ 1502 ಅನ್ನುವ ಜೀನ್ ಇರುವವರಿಗೆ ಅಪಾಯ ಜಾಸ್ತಿ. ಏಷ್ಯಾ ಮೂಲದವರಲ್ಲಿ ಇದು ಹೆಚ್ಚು, ಆದ್ದರಿಂದ ಮಾತ್ರೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಎಂದಿತು. ನಮ್ಮವರು ಅಲ್ಲಿ ಎಷ್ಟು ಜನ ಇದ್ದಾರೆ, ಯೋಚಿಸಿ.

ಲಕ್ವದ ಚಿಕಿತ್ಸೆಯೂ ಹೀಗೇ ಬದಲಾಗಿದೆ. 1996ರಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಾಗ ಗಡುವು ಮೂರು ಗಂಟೆ. 2018ರ ಹೊತ್ತಿಗೆ, ಆಯ್ದ ಕೆಲವರಲ್ಲಿ 24 ಗಂಟೆಯೊಳಗೆ ಕೂಡ ರಕ್ತನಾಳದೊಳಗಿಂದ ಹೆಪ್ಪು ಎಳೆದು ತೆಗೆಯಬಹುದು ಎಂದಾಯಿತು. ಹಳೆಯ ಗಡುವನ್ನೇ ನಂಬಿ ಕೂತ ಡಾಕ್ಟರು 'ತಡವಾಯಿತು' ಅಂದುಬಿಟ್ಟರೆ ರೋಗಿಗೆ ಉಳಿದ ಜೀವನವೆಲ್ಲ ಹಾಸಿಗೆ.

ಒಳ್ಳೆ ಡಾಕ್ಟರು ತಾವಾಗೇ ಓದುತ್ತಾರೆ, ಪರೀಕ್ಷೆ ಯಾಕೆ ಅನ್ನುವವರಿದ್ದಾರೆ. ಓದುವವರ ಬಗ್ಗೆ ಚಿಂತೆ ಇಲ್ಲ. ಡಾಕ್ಟರುಗಳು ತಮ್ಮ ಸಾಮರ್ಥ್ಯವನ್ನು ತಾವೇ ಎಷ್ಟು ಸರಿಯಾಗಿ ಅಳೆದುಕೊಳ್ಳುತ್ತಾರೆ ಎಂದು 2006ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಒಂದು ವಿಮರ್ಶೆ ಬಂತು. ಕೌಶಲ ಕಡಿಮೆ ಇದ್ದು ವಿಶ್ವಾಸ ಜಾಸ್ತಿ ಇದ್ದವರ ಅಂದಾಜೇ ಎಲ್ಲಕ್ಕಿಂತ ಹೆಚ್ಚು ತಪ್ಪಿತ್ತು. ಹೊರಗಿನವರೊಬ್ಬರು ಕೇಳಲೇಬೇಕು.

ಹೊರೆ ಅನ್ನುವ ಮಾತೂ ಈಗ ಅಷ್ಟು ನಿಲ್ಲುವುದಿಲ್ಲ. 2019ರಿಂದ ಹತ್ತು ವರ್ಷದ ದೊಡ್ಡ ಪರೀಕ್ಷೆಗೆ ಬದಲು ಇನ್ನೊಂದು ದಾರಿ ಇದೆ. ಬೋರ್ಡ್ ಆರಿಸಿದ ಹೊಸ ಲೇಖನಗಳನ್ನು ಓದಬೇಕು. ಒಂದೊಂದಕ್ಕೂ ಐದು ಪ್ರಶ್ನೆ. ಮೊದಲ ಸಲವೇ ನಾಲ್ಕು ಸರಿಯಾಗಬೇಕು. ಲೇಖನ ಎದುರಿಗಿಟ್ಟುಕೊಂಡೇ ಉತ್ತರಿಸಬಹುದು. ಮೂರು ವರ್ಷದಲ್ಲಿ ಇಂಥ ಕೆಲವು ಡಜನ್ ಲೇಖನ ಓದುವುದು ಜಾಸ್ತಿಯಾಯಿತೇ? ನಮ್ಮ ದೇಶದಲ್ಲಿ 2002ರ ನಿಯಮ ಐದು ವರ್ಷಕ್ಕೆ 30 ಗಂಟೆ ಸಿಎಂಇ (ಡಾಕ್ಟರುಗಳ ಮುಂದುವರಿದ ಕಲಿಕೆಯ ಕಾರ್ಯಕ್ರಮ) ಕೇಳುತ್ತದೆ. ಹಾಲ್‌ನಲ್ಲಿ ಕೂತು ಬಂದರೆ ಗಂಟೆ ಲೆಕ್ಕಕ್ಕೆ ಬರುತ್ತದೆ. ತಲೆಗೆ ಎಷ್ಟು ಹೋಯಿತು ಎಂದು ನಿಯಮ ಕೇಳುವುದಿಲ್ಲ. ಆ ಐದು ಪ್ರಶ್ನೆ ಇಲ್ಲಿಗೂ ಬರಲಿ ಎಂಬುದು ನನ್ನ ಆಸೆ.

ವಿರೋಧ: ಈ ಪರೀಕ್ಷೆಯಲ್ಲಿ ರೋಗಿಯೇ ಇಲ್ಲ

ಮೇಲಿನ ವಾದದಲ್ಲಿ 1990ರಲ್ಲಿ ಓದು ಮುಗಿಸಿದ ಡಾಕ್ಟರ್ ಬಂದರಲ್ಲ, ಅವರಿಂದಲೇ ಶುರುಮಾಡೋಣ. ಅವರು 1994ಕ್ಕಿಂತ ಮುಂಚೆ ಪಾಸಾಗಿದ್ದರೆ ಈ ನಿಯಮ ಅವರಿಗೆ ಅನ್ವಯಿಸುವುದೇ ಇಲ್ಲ. ಅವರ ಸರ್ಟಿಫಿಕೇಟಿಗೆ ಗಡುವಿಲ್ಲ. ಯಾರ ಓದು ಹಳತಾಗಿದೆಯೋ ಅವರಿಗೆ ವಿನಾಯಿತಿ, ನಿನ್ನೆ ಮೊನ್ನೆ ರೆಸಿಡೆನ್ಸಿ ಮುಗಿಸಿದವರಿಗೆ ಮೂರು ವರ್ಷಕ್ಕೊಮ್ಮೆ ಲೆಕ್ಕ. ರೋಗಿಯ ಸುರಕ್ಷತೆಯೇ ಗುರಿಯಾಗಿದ್ದರೆ ಎಲ್ಲಕ್ಕಿಂತ ಮೊದಲು ಈ ತಾರತಮ್ಯ ಹೋಗಬೇಕಿತ್ತು, ಅಲ್ವಾ?

ಇನ್ನು ಏನನ್ನು ಅಳೆಯುತ್ತಿದ್ದಾರೆ ಅನ್ನುವ ಮಾತು. ಸಾಯಬೇಕು ಅನ್ನುತ್ತಿರುವ ಹುಡುಗನ ಎದುರು ಕೂತು, ಅವನು ಬಾಯಿಬಿಡುವವರೆಗೆ ತಾಳ್ಮೆಯಿಂದ ಕಾಯುವುದು ಮನೋವೈದ್ಯರ ಅಸಲಿ ಕೆಲಸ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಅವನು ಹೇಳುವುದೇ ಬೇರೆ, ಅವರನ್ನು ಹೊರಗೆ ಕೂರಿಸಿದ ಮೇಲೆ ಹೇಳುವುದೇ ಬೇರೆ. ಯಾವಾಗ ಹೊರಗೆ ಕಳಿಸಬೇಕು ಎಂಬುದಕ್ಕೆ ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಉತ್ತರವಿಲ್ಲ. ಹಿಂದೆ ಇದೇ ಬೋರ್ಡ್ ಮೌಖಿಕ ಪರೀಕ್ಷೆ ನಡೆಸುತ್ತಿತ್ತು. ಅಭ್ಯರ್ಥಿ ನಿಜವಾದ ರೋಗಿಯೊಬ್ಬರ ಜೊತೆ 30 ನಿಮಿಷ ಮಾತಾಡಬೇಕಿತ್ತು, ಪರೀಕ್ಷಕರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅದನ್ನು ನಿಲ್ಲಿಸಿದರು. ಈಗ ಆ ಕೌಶಲವನ್ನು ರೆಸಿಡೆನ್ಸಿಯಲ್ಲೇ ಗುರುಗಳು ನೋಡಿ ಸಹಿ ಹಾಕುತ್ತಾರೆ. ಆಮೇಲಿನ ಮೂವತ್ತು ವರ್ಷದಲ್ಲಿ ಆ ಡಾಕ್ಟರು ರೋಗಿಯ ಜೊತೆ ಹೇಗೆ ಮಾತಾಡುತ್ತಾರೆ ಅಂತ ಯಾವ ಪರೀಕ್ಷಕರೂ ಬಂದು ನೋಡುವುದಿಲ್ಲ. ಕೌಶಲವನ್ನು ಅಳೆಯುವುದು ಬಿಟ್ಟು ಓದನ್ನು ಅಳೆಯುತ್ತಿದ್ದಾರೆ, ಏಕೆಂದರೆ ಅದನ್ನು ಕಂಪ್ಯೂಟರ್‌ನಲ್ಲಿ ಅಳೆಯುವುದು ಸುಲಭ.

ಪುರಾವೆಯನ್ನೂ ನೋಡೋಣ. ಜನರಲ್ ಮೆಡಿಸಿನ್ ಡಾಕ್ಟರುಗಳ ಮೇಲೆ ನಡೆದ ಎರಡು ಅಧ್ಯಯನ 2014ರಲ್ಲಿ ಅದೇ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದವು. ಒಂದರಲ್ಲಿ ಜೀವನಪೂರ್ತಿ ಸರ್ಟಿಫಿಕೇಟ್ ಇದ್ದವರಿಗೂ ಗಡುವಿನವರಿಗೂ ಚಿಕಿತ್ಸೆಯ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದರಲ್ಲಿ ತಪ್ಪಿಸಬಹುದಾಗಿದ್ದ ಆಸ್ಪತ್ರೆ ದಾಖಲಾತಿಗಳೂ ಕಡಿಮೆಯಾಗಲಿಲ್ಲ, ಖರ್ಚಿನ ಏರಿಕೆ ಮಾತ್ರ ತುಸು ಕಡಿಮೆಯಾಗಿತ್ತು. ಬಿಪಿ, ಶುಗರ್ ಥರ ನಂಬರಿನಲ್ಲಿ ಹಿಡಿಯಬಹುದಾದ ಕಾಯಿಲೆಗಳಲ್ಲೇ ಹೀಗೆ. ಡಿಪ್ರೆಷನ್‌ನಲ್ಲಿ ಏನನ್ನು ಹಿಡಿದು ತೋರಿಸುತ್ತಾರೆ?

ಲೈಸೆನ್ಸ್ ಸಾಕು, ಸರ್ಟಿಫಿಕೇಟ್ 'ಐಚ್ಛಿಕ' ಎಂಬ ಮಾತಂತೂ ನಿಜವಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಎಷ್ಟೋ ಆಸ್ಪತ್ರೆಗಳು ಒಳಗೆ ಬಿಡುವುದಿಲ್ಲ, ಇನ್ಶೂರೆನ್ಸ್ ಕಂಪನಿಗಳು ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಫೀಸು ಕಟ್ಟಲೇಬೇಕು. ಇದಕ್ಕೆ ಸಿಟ್ಟಾಗಿಯೇ 2015ರಲ್ಲಿ ಹೃದ್ರೋಗ ತಜ್ಞ ಪಾಲ್ ಟೀರ್‌ಸ್ಟೀನ್ ಮುಂದಾಳತ್ವದಲ್ಲಿ ಬೇರೆ ಬೋರ್ಡೇ ಹುಟ್ಟಿತು. ಆ ದೇಶದ ಅರ್ಧಕ್ಕಿಂತ ಹೆಚ್ಚು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ) ಒಬ್ಬ ಮನೋವೈದ್ಯರೂ ಇಲ್ಲ. ಅಂಥ ಕಡೆ ವಾರಕ್ಕೆರಡು ದಿನ ಕ್ಲಿನಿಕ್ ನಡೆಸುವ ಅರವತ್ತು ದಾಟಿದವರು 'ಇನ್ನು ಸಾಕು' ಎಂದು ಬಾಗಿಲು ಹಾಕಿದರೆ ಅಲ್ಲಿನ ರೋಗಿಗಳು ಎಲ್ಲಿಗೆ ಹೋಗಬೇಕು?

ಡಾಕ್ಟರನ್ನು ಯಾರೂ ಕೇಳಬಾರದು ಎನ್ನುತ್ತಿಲ್ಲ. ಕೇಳಬೇಕಾದದ್ದು ಅವರ ಕೆಲಸವನ್ನು. ತಮ್ಮದೇ ಕೆಲವು ರೋಗಿಗಳ ಫೈಲ್ ತಿರುವಿ ನೋಡುವ ಒಂದು ಭಾಗ ಬೋರ್ಡಿನ ವ್ಯವಸ್ಥೆಯಲ್ಲೂ ಇದೆ. ಆದರೆ ಅದು ಮೂಲೆಯಲ್ಲಿದೆ, ನಡುವಿಗೆ ಬರಬೇಕು. ಒಂದು ಉದಾಹರಣೆ ಕೊಡುತ್ತೇನೆ. ಫಿಟ್ಸ್‌ಗೂ ಬೈಪೋಲಾರ್‌ಗೂ ಬರೆಯುವ ವಾಲ್‌ಪ್ರೋಯೇಟ್ ಮಾತ್ರೆ ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೂ ಬುದ್ಧಿಶಕ್ತಿಗೂ ಹಾನಿ ಮಾಡುತ್ತದೆ. ಕ್ಲಿನಿಕ್ಕಿನ ಕಂಪ್ಯೂಟರ್‌ನಲ್ಲಿ, ಮಗು ಆಗುವ ವಯಸ್ಸಿನ ಎಷ್ಟು ಹೆಂಗಸರಿಗೆ ಈ ಮಾತ್ರೆ ನಡೆಯುತ್ತಿದೆ ಅಂತ ಪಟ್ಟಿ ತೆಗೆಯಲಿ. ಜೊತೆಯಲ್ಲಿ ಕೆಲಸ ಮಾಡುವ ಇನ್ನೊಬ್ಬ ಡಾಕ್ಟರು ಆ ಪಟ್ಟಿ ಹಿಡಿದು ಎದುರಿಗೆ ಕೂರಲಿ. ಇವರಿಗೆ ಅಪಾಯ ತಿಳಿಸಿದ್ದೀರಾ, ಬೇರೆ ಮಾತ್ರೆ ಯಾಕೆ ನೋಡಲಿಲ್ಲ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಲಿ. 1990ರಲ್ಲಿ ಪಾಸಾದವರನ್ನೂ ಕೇಳಲಿ.